ಕಾಫಿ, ಅಡಿಕೆಯ ಒಗರು ಮರೆವಿನ ರೋಗಕ್ಕೆ ಮದ್ದಾದೀತೆ?



ಕಾಫಿ ಕುಡಿಯುವವರಿಗೆ ಮರೆವಿನ ರೋಗ ಬರುವುದಿಲ್ಲ, ಅಡಿಕೆಯ ಚೊಗರಿನಲ್ಲಿ ಅದಕ್ಕೆ ಔಷಧವಿದೆ ಎಂಬ ಸುದ್ದಿ ಈಗ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಮನೆಯಲ್ಲೇ ಕಾಫಿಪುಡಿ ತಯಾರಿಸಿ ಮಾರುವ ಕೆಲವು ಸದಸ್ಯರು, ಇದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಬಹುದೇ ಎಂದು ಸಂಘದ ಕಚೇರಿಯಲ್ಲಿ ವಿಚಾರಿಸಿದ್ದಾರೆ. ನಮ್ಮ ಬೆಳೆಗೆ ಒಳ್ಳೆಯ ಹೆಸರು ಬಂದರೆ ನಮಗೂ ಸಂತೋಷವೇ. ಆದರೆ ಇದು ಬರಿಯ ಮಾರಾಟದ ಮಾತಲ್ಲ. ವಯಸ್ಸಾದವರಿರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯ. ಆದ್ದರಿಂದ ಇದುವರೆಗೆ ತಿಳಿದುಬಂದಿರುವುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಒಗರಿನ ಮೂಲ

ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗುತ್ತದೆ. ಬೇಯಿಸಿದ ಹಂಡೆಯಲ್ಲಿ ಕೆಂಪು ಚೊಗರು ಉಳಿಯುತ್ತದೆ. ಇವಕ್ಕೆಲ್ಲ ಕಾರಣ ಪಾಲಿಫೀನಾಲ್ ಎಂಬ ರಾಸಾಯನಿಕಗಳ ಬಳಗ. ಕೀಟ, ಶಿಲೀಂಧ್ರ ಮತ್ತು ಬಿಸಿಲಿನಿಂದ ಪಾರಾಗಲು ಗಿಡಗಳು ಇವನ್ನು ತಯಾರಿಸಿಕೊಳ್ಳುತ್ತವೆ. ಎಳೆ ಅಡಿಕೆಯಲ್ಲಿ ಇವು ಹೆಚ್ಚು, ಹಣ್ಣಡಿಕೆಯಲ್ಲಿ ಕಡಿಮೆ. ಕಾಫಿಯಲ್ಲಿ ಮುಖ್ಯವಾದುದು ಕ್ಲೋರೋಜೆನಿಕ್ ಆಮ್ಲ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಇದರ ಪ್ರಮಾಣ ಹೆಚ್ಚು. ಬೀಜ ಹುರಿದಷ್ಟೂ ಇದು ಕಡಿಮೆಯಾಗುತ್ತದೆ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಸಹ ಇದೇ ಬಳಗದವು.

ರೋಗದ ಸ್ವರೂಪ

1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್, ಮರೆವಿನಿಂದ ನರಳಿ ತೀರಿಕೊಂಡ ಮಹಿಳೆಯೊಬ್ಬಳ ಮಿದುಳಿನಲ್ಲಿ ಕಂಡ ವಿಕಾರಗಳನ್ನು ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ಈ ರೋಗದಲ್ಲಿ ನರಕೋಶಗಳ ಹೊರಗೆ ಅಮೈಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ. ಒಳಗೆ ಟೌ ಎಂಬ ಪ್ರೋಟೀನು ನೂಲಿನಂತೆ ಸಿಕ್ಕುಗಟ್ಟುತ್ತದೆ. ಗಾಜಿನ ನಳಿಕೆಯಲ್ಲಿ ಹಲವು ಪಾಲಿಫೀನಾಲುಗಳು ಅಮೈಲಾಯ್ಡ್ ಗಂಟುಗಟ್ಟುವುದನ್ನು ತಡೆದಿವೆ. ಇಲಿಗಳಲ್ಲಿಯೂ ಆಶಾದಾಯಕ ಫಲ ಕಂಡಿದೆ. ಸುದ್ದಿ ಹುಟ್ಟಿರುವುದು ಇಲ್ಲಿಂದಲೇ.

ಆದರೆ ಬುಡಕ್ಕೆ ಹಾಕಿದ ಗೊಬ್ಬರವೆಲ್ಲ ಬೇರಿಗೆ ಸೇರುವುದಿಲ್ಲವೆಂಬುದು ನಮಗೆ ತಿಳಿದ ಮಾತು. ತಿಂದ ಪಾಲಿಫೀನಾಲಿನ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲೇ ಮಾರ್ಪಾಡಾಗುತ್ತದೆ. ಉಳಿದುದರಲ್ಲಿಯೂ ಮಿದುಳನ್ನು ತಲುಪುವುದು ಅತ್ಯಲ್ಪ.

ಮನುಷ್ಯರ ಮೇಲಿನ ಪರೀಕ್ಷೆಗಳು

ಅಮೆರಿಕದಲ್ಲಿ 36 ರೋಗಿಗಳ ಮೇಲೆ 24 ವಾರ ನಡೆದ ಕರ್ಕ್ಯುಮಿನ್ ಪರೀಕ್ಷೆಯ ವರದಿ 2012ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ. 2015ರಲ್ಲಿ 119 ರೋಗಿಗಳ ಒಂದು ವರ್ಷದ ರೆಸ್ವೆರಾಟ್ರಾಲ್ ಪರೀಕ್ಷೆ ಪ್ರಕಟವಾಯಿತು. ನೆನಪಿನ ಶಕ್ತಿ ಸುಧಾರಿಸಿತೆಂದು ಹೇಳುವಂತಿರಲಿಲ್ಲ.

ಕಾಫಿಯ ವಿಷಯದಲ್ಲಿ ಎಲ್ಲರೂ ಉದಾಹರಿಸುವುದು 2009ರ ಫಿನ್ಲೆಂಡ್ ಅಧ್ಯಯನವನ್ನು. 1,409 ಜನರನ್ನು ಸರಾಸರಿ 21 ವರ್ಷಗಳ ನಂತರ ಪರೀಕ್ಷಿಸಿದಾಗ, ನಡುವಯಸ್ಸಿನಲ್ಲಿ ದಿನಕ್ಕೆ 3ರಿಂದ 5 ಲೋಟ ಕಾಫಿ ಕುಡಿಯುತ್ತಿದ್ದವರಲ್ಲಿ ರೋಗದ ಸಂಭವ ಶೇಕಡಾ 65ರಷ್ಟು ಕಡಿಮೆ ಇತ್ತು. ಆದರೆ ರೋಗ ಕಂಡವರು ಒಟ್ಟು 61 ಮಂದಿ ಮಾತ್ರ. ಇದು ಔಷಧ ಪರೀಕ್ಷೆಯೂ ಅಲ್ಲ. ಕಾರಣ ಪಾಲಿಫೀನಾಲೋ, ಕೆಫೀನೋ, ಅವರ ಬದುಕಿನ ರೀತಿಯೋ ಎಂಬುದು ಇದರಿಂದ ನಿರ್ಣಯವಾಗುವುದಿಲ್ಲ.

ಅಡಿಕೆಯ ಕಥೆ ಬೇರೆ. ಅದರ ಅರೆಕೋಲಿನ್ ಪಾಲಿಫೀನಾಲ್ ಅಲ್ಲ, ಆಲ್ಕಲಾಯ್ಡ್. ಅದನ್ನು ಕೆಲವೇ ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅಲ್ಪಸ್ವಲ್ಪ ಫಲ ಕಂಡಿತ್ತು. ಅದರ ರಚನೆಯನ್ನು ಆಧರಿಸಿ ರೂಪಿಸಿದ ಝಾನೋಮೆಲಿನ್, ಮತ್ತೊಂದು ಔಷಧದ ಜೊತೆಗೂಡಿ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದೂ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ, ಮರೆವಿಗಲ್ಲ. ಅಡಿಕೆ ಜಗಿದರೆ ನೆನಪು ಉಳಿಯುತ್ತದೆಂಬುದಕ್ಕೆ ಇದು ಆಧಾರವಾಗದು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿದೆ. ಬೆಳೆಗಾರರಾದ ನಮಗೆ ಇದು ಕಹಿಯಾದರೂ, ಆರೋಗ್ಯದ ಮಾತು ಬಂದಾಗ ಮುಚ್ಚಿಡುವಂತಿಲ್ಲ.

ನಾವು ಮಾಡಬೇಕಾದುದು

ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ರೋಗಗಳಿವೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಮನೆಯ ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದರೆ, ಪರಿಚಿತ ದಾರಿ ತಪ್ಪುತ್ತಿದ್ದರೆ, ಲೆಕ್ಕದಲ್ಲಿ ಎಡವುತ್ತಿದ್ದರೆ 'ವಯಸ್ಸಾಯಿತು' ಎಂದು ಸುಮ್ಮನಾಗಬಾರದು. ವೈದ್ಯರಿಗೆ ತೋರಿಸಬೇಕು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಕಷಾಯ, ಮಾತ್ರೆಯೆಂದು ಕಾಲ ಕಳೆದರೆ ಆ ಅವಕಾಶವೂ ಕೈತಪ್ಪುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಹತೋಟಿ, ತಂಬಾಕು ಬಿಡುವುದು, ಕಿವಿ ಮಂದವಾದಾಗ ಶ್ರವಣ ಸಾಧನ ಹಾಕಿಸುವುದು ರೋಗದ ಸಂಭವವನ್ನು ತಗ್ಗಿಸುವ ಕ್ರಮಗಳೆಂದು ತಜ್ಞರು ಹೇಳುತ್ತಾರೆ.

ಇನ್ನು ಪೊಟ್ಟಣದ ಪ್ರಶ್ನೆ. ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ದಂಡಕ್ಕಿಂತ ದೊಡ್ಡದು ಗ್ರಾಹಕರ ವಿಶ್ವಾಸ. ಪೊಟ್ಟಣದ ಮೇಲೆ ತೋಟದ ಊರು, ಕಾಫಿಯ ಜಾತಿ, ಚಿಕೋರಿಯ ಪ್ರಮಾಣ, ಹುರಿದ ದಿನಾಂಕ ಇವನ್ನು ಸ್ಪಷ್ಟವಾಗಿ ನಮೂದಿಸೋಣ. ಒಳ್ಳೆಯ ಕಾಫಿ ಒಳ್ಳೆಯ ಕಾಫಿಯೆಂದೇ ಮಾರಾಟವಾಗಲಿ.