ದೂರು ಹೇಳದ ಮೂತ್ರಪಿಂಡ

ಮದುವೆ ಮನೆಯ ಅಂಗಳದಲ್ಲಿ ನೀರು ತುಂಬಿಸಿಡುವ ನೀಲಿ ಡ್ರಮ್ಮನ್ನು ನೀವು ನೋಡಿರುತ್ತೀರಿ. ದೊಡ್ಡ ಡ್ರಮ್ಮಾದರೆ ಅದರಲ್ಲಿ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ನಿಮ್ಮ ಎರಡು ಮೂತ್ರಪಿಂಡಗಳು, ಅಂದರೆ ಕಿಡ್ನಿಗಳು, ಒಂದೇ ದಿನದಲ್ಲಿ ರಕ್ತದಿಂದ ಸೋಸಿ ತೆಗೆಯುವ ದ್ರವ ಸುಮಾರು 180 ಲೀಟರ್! ಆದರೆ ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದೆಲ್ಲ ಮರಳಿ ರಕ್ತಕ್ಕೇ ಸೇರುತ್ತದೆ.

ಬೆನ್ನುಮೂಳೆಯ ಎರಡೂ ಬದಿಯಲ್ಲಿ, ಪಕ್ಕೆಲುಬುಗಳ ಕೆಳಭಾಗದ ಹಿಂದೆ ಇವು ಅಡಗಿವೆ. ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ, ಮೇಲೆ ಪಿತ್ತಜನಕಾಂಗ ಜಾಗ ಹಿಡಿದಿರುವುದರಿಂದ. ಪ್ರತಿಯೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಅವುಗಳ ಹೆಸರು ನೆಫ್ರಾನ್. ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಪುಟ್ಟ ಉಂಡೆ, ಅದಕ್ಕೆ ಜೋಡಿಸಿದ ಒಂದು ಉದ್ದನೆಯ ಕೊಳವೆ, ನೆಫ್ರಾನ್ ಎಂದರೆ ಇಷ್ಟೇ.

ಅದು ಕೆಲಸ ಮಾಡುವ ರೀತಿ ಮಾತ್ರ ವಿಚಿತ್ರ. ಹಬ್ಬಕ್ಕೆ ಮುಂಚೆ ನೀವು ಕಪಾಟು ಒಪ್ಪ ಮಾಡುವುದು ಹೇಗೆ? ಬೇಡದ್ದನ್ನು ಒಂದೊಂದಾಗಿ ಹುಡುಕುವುದಿಲ್ಲ. ಎಲ್ಲವನ್ನೂ ಹೊರಗೆ ಸುರಿದು, ಬೇಕಾದದ್ದನ್ನು ಮತ್ತೆ ಒಳಗಿಡುತ್ತೀರಿ. ಕಿಡ್ನಿಯದೂ ಅದೇ ಕ್ರಮ. ನೀರು, ಉಪ್ಪು, ಸಕ್ಕರೆ, ಕಶ್ಮಲ ಎಲ್ಲವೂ ಮೊದಲು ಉಂಡೆಯಿಂದ ಕೊಳವೆಗೆ ಇಳಿಯುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೊಟೀನುಗಳು ಇಳಿಯುವುದಿಲ್ಲ. ಆಮೇಲೆ ಕೊಳವೆಯ ಗೋಡೆಯು ಸಕ್ಕರೆಯನ್ನೆಲ್ಲ, ನೀರು ಮತ್ತು ಉಪ್ಪಿನಲ್ಲಿ ಅಗತ್ಯವಿದ್ದಷ್ಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮಾತ್ರ ಗೋಡೆಗೆ ಕೈ ಸಾಲದೆ ಅದು ಮೂತ್ರಕ್ಕೆ ಸೋರುತ್ತದೆ. ಹಿರಿಯರು 'ಮೂತ್ರಕ್ಕೆ ಇರುವೆ ಮುತ್ತುತ್ತದೆ' ಎನ್ನುತ್ತಿದ್ದುದು ಇದನ್ನೇ.

ಸೋಸುವುದಷ್ಟೇ ಅದರ ಕೆಲಸವಲ್ಲ. ರಕ್ತ ತಯಾರಿಸುವಂತೆ ಎಲುಬಿನ ಮಜ್ಜೆಗೆ ಹಾರ್ಮೋನಿನ ಮೂಲಕ ಆಜ್ಞೆ ಹೋಗುವುದು ಮುಖ್ಯವಾಗಿ ಇಲ್ಲಿಂದಲೇ. ರಕ್ತದೊತ್ತಡದ ಒಂದು ಹಿಡಿಯೂ ಇದರ ಕೈಯಲ್ಲಿದೆ. ಕಿಡ್ನಿ ರೋಗಿಗಳು ರಕ್ತಹೀನತೆಯಿಂದ ಬಿಳಿಚಿಕೊಳ್ಳುವುದಕ್ಕೂ, ಅವರ ಬಿಪಿ ಏರುವುದಕ್ಕೂ ಕಾರಣ ಇದೇ.

ಇಷ್ಟೆಲ್ಲ ಮಾಡುವ ಈ ಅಂಗಕ್ಕೆ ಒಂದು ಕೆಟ್ಟ ಗುಣವಿದೆ. ಅದು ನೋವನ್ನು ಹೇಳಿಕೊಳ್ಳುವುದಿಲ್ಲ. ಕಲ್ಲು ಸಿಕ್ಕಿಹಾಕಿಕೊಂಡರೆ ಅಥವಾ ಸೋಂಕು ತಗಲಿದರೆ ನೋವು ಬರುತ್ತದೆ ನಿಜ. ಆದರೆ ಸಕ್ಕರೆ ಕಾಯಿಲೆ ಮತ್ತು ಬಿಪಿಯಿಂದ ನೆಫ್ರಾನುಗಳು ಸಾಯುವಾಗ ಏನೂ ಗೊತ್ತಾಗುವುದಿಲ್ಲ. ಉಳಿದವು ಸತ್ತವುಗಳ ಪಾಲನ್ನೂ ಹೊತ್ತುಕೊಳ್ಳುತ್ತವೆ. ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಕಾಲು ಊದಿಕೊಂಡು, ಊಟ ಸೇರದೆ, ವಾಂತಿ ಶುರುವಾದ ಮೇಲೆ ಆಸ್ಪತ್ರೆಗೆ ಹೋಗುವವರಲ್ಲಿ ಎಷ್ಟೋ ಮಂದಿಗೆ ಡಯಾಲಿಸಿಸ್ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ನೋವಿನ ಮಾತ್ರೆಯ ವಿಷಯ ಹೇಳಲೇಬೇಕು. ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ತಿಂಗಳುಗಟ್ಟಲೆ ನುಂಗುವ ಅಜ್ಜಿಯರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಕಿಡ್ನಿಯ ಒಳಗೆ ರಕ್ತ ಬರುವ ನಾಳವನ್ನು ತೆರೆದಿಡುವ ರಾಸಾಯನಿಕವನ್ನೇ ಈ ಮಾತ್ರೆಗಳು ತಡೆಯುತ್ತವೆ. ಮೈಯಲ್ಲಿ ನೀರು ಕಡಿಮೆಯಿರುವಾಗಲಂತೂ ಅಪಾಯ ಹೆಚ್ಚು. ವಾಂತಿ ಭೇದಿಯಾದಾಗ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬೇಡಿ.

ವಾಟ್ಸಾಪಿನಲ್ಲಿ ಬರುವ 'ಕಿಡ್ನಿ ಶುದ್ಧಿ' ಪುಡಿಗಳ ಬಗ್ಗೆಯೂ ಒಂದು ಮಾತು. ಶುದ್ಧಿ ಮಾಡುವುದೇ ಯಾರ ಕೆಲಸವೋ ಅವರಿಗೆ ನೀವು ಶುದ್ಧಿ ಮಾಡಿಸಬೇಕಾಗಿಲ್ಲ! ಮನೆಮದ್ದಿನಿಂದ ಏನೂ ಆಗದು ಎಂಬ ಧೈರ್ಯವೂ ಬೇಡ. ಕೊಲೆಸ್ಟ್ರಾಲ್ ಇಳಿಯಲಿ ಎಂದು ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದು, ಅದರ ಆಕ್ಸಲೇಟಿನಿಂದ ಕಿಡ್ನಿ ಕೆಟ್ಟವರ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಮೀನು ಸಾರಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ.

ಇನ್ನು ರಮಝಾನಿನ ಪ್ರಶ್ನೆ. ಉಪವಾಸದಿಂದ ಕಿಡ್ನಿ ಕೆಡುತ್ತದೆಯೇ? ಆರೋಗ್ಯವಂತರಿಗೆ ಆ ಭಯ ಬೇಡ. ನೀರು ಕಡಿಮೆಯಾದಾಗ ಮೆದುಳಿನಿಂದ ಒಂದು ಹಾರ್ಮೋನ್ ಹೊರಟು, ಕೊಳವೆಗಳು ಹೆಚ್ಚು ನೀರನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಅಸ್ರ್ ಹೊತ್ತಿಗೆ ಮೂತ್ರ ಗಾಢ ಹಳದಿಯಾಗುವುದು ಅದಕ್ಕೇ. ಇಫ್ತಾರಿನಿಂದ ಸಹರಿಯವರೆಗೆ ಸ್ವಲ್ಪಸ್ವಲ್ಪವಾಗಿ ನೀರು ಕುಡಿದರೆ ಅದು ಸರಿಹೋಗುತ್ತದೆ. ಆದರೆ ಈಗಾಗಲೇ ಕಿಡ್ನಿ ಸೋತವರಿಗೆ ಹೀಗೆ ನೀರು ಉಳಿಸುವ ಶಕ್ತಿಯೇ ಕುಂದಿರುತ್ತದೆ. ಅವರು, ಕಲ್ಲಿನ ತೊಂದರೆಯಿರುವವರು, ಇನ್ಸುಲಿನ್ ಅಥವಾ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಾಣಬೇಕು. ರೋಗಿಗಳಿಗೆ ಕುರ್‌ಆನಿನಲ್ಲೇ ರಿಯಾಯಿತಿ ಇರುವಾಗ ಹಠ ಹಿಡಿಯುವುದೇಕೆ?

ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಿ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಎರಡನೆಯದನ್ನು ಕೇಳಿ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ ಜರಡಿ ಹರಿಯಲು ಆರಂಭಿಸಿದ್ದನ್ನು ಸಾಮಾನ್ಯವಾಗಿ ಮೊದಲು ತಿಳಿಸುವುದು ಅದೇ. ಮೂತ್ರದಲ್ಲಿ ದಿನವೂ ನೊರೆ ನಿಲ್ಲುತ್ತಿದ್ದರೆ ವರ್ಷ ತುಂಬಲು ಕಾಯಬೇಡಿ.