ಅವಕೆಂಪು ಸಂವೇದಕಗಳಿಂದ ವಿಮಾನಗಳ ಜಾಡು ಹಿಡಿಯುವ ವಿಧಾನ

ಪೀಠಿಕೆ

ರಾಡಾರ್ ತಾನೇ ರೇಡಿಯೋ ಅಲೆಗಳನ್ನು ಹೊರಡಿಸಿ, ವಿಮಾನಕ್ಕೆ ತಗುಲಿ ಹಿಂದಿರುಗುವ ಪ್ರತಿಧ್ವನಿಯಿಂದ ದೂರವನ್ನು ಅಳೆಯುತ್ತದೆ. ಆದರೆ ಅದೇ ಅಲೆಗಳಿಂದ ರಾಡಾರ್ ಇರುವ ಸ್ಥಳವು ಎದುರಾಳಿಗೂ ತಿಳಿಯಬಹುದು. ಇನ್‌ಫ್ರಾರೆಡ್ ಎಂದೂ ಕರೆಯಲಾಗುವ ಅವಕೆಂಪು ಸಂವೇದಕವು ಏನನ್ನೂ ಹೊರಡಿಸದೆ, ವಿಮಾನದಿಂದ ಹೊಮ್ಮುವ ಶಾಖ ವಿಕಿರಣವನ್ನಷ್ಟೇ ಗ್ರಹಿಸುತ್ತದೆ. ಇದರಿಂದ ವಿಮಾನವಿರುವ ದಿಕ್ಕು ತಿಳಿಯುತ್ತದೆ. ದೂರವು ನೇರವಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ಗಣಿತದ ಮೂಲಕ ತುಂಬಿಕೊಳ್ಳುವ ಬಗೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಸಂವೇದಕವು ಗ್ರಹಿಸುವುದೇನು?

ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ಅನುಗುಣವಾಗಿ ವಿಕಿರಣವನ್ನು ಸೂಸುತ್ತದೆ. 300 ಕೆಲ್ವಿನ್ ಉಷ್ಣತೆಯ ಮೇಲ್ಮೈಯ ವಿಕಿರಣವು ಸುಮಾರು 10 ಮೈಕ್ರಾನ್ ತರಂಗಾಂತರದಲ್ಲಿಯೂ, 750 ಕೆಲ್ವಿನ್‌ನಷ್ಟು ಕಾದ ಎಂಜಿನ್ ಭಾಗದ ವಿಕಿರಣವು ಸುಮಾರು 4 ಮೈಕ್ರಾನ್‌ನಲ್ಲಿಯೂ ಅತ್ಯಧಿಕವಾಗಿರುತ್ತದೆ. ವಾಯುಮಂಡಲದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅನೇಕ ತರಂಗಾಂತರಗಳನ್ನು ಹೀರಿಕೊಳ್ಳುವುದರಿಂದ, ಹೆಚ್ಚು ಅಡ್ಡಿಯಿಲ್ಲದ 3–5 ಹಾಗೂ 8–12 ಮೈಕ್ರಾನ್ ಪಟ್ಟಿಗಳನ್ನು ಬಳಸಲಾಗುತ್ತದೆ. ಬಹುದೂರದ ವಿಮಾನವು ಒಂದು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಬಿಸಿಲಿನಲ್ಲಿ ಹೊಳೆಯುವ ಮೋಡದ ಅಂಚೂ ಅಂತಹುದೇ ಚುಕ್ಕೆಯನ್ನು ಮೂಡಿಸಬಹುದು.

2. ಅಂದಾಜು ಫಿಲ್ಟರ್‌ನ ಕಾರ್ಯ

ರುಡಾಲ್ಫ್ ಕಾಲ್ಮನ್ ಅವರು 1960ರಲ್ಲಿ ಪ್ರಕಟಿಸಿದ ವಿಧಾನವು ಈ ಕಾರ್ಯಕ್ಕೆ ತಳಹದಿಯಾಗಿದೆ. ಇದರಲ್ಲಿ ಎರಡು ಹಂತಗಳಿವೆ.

(ಅ) ಮುನ್ನಂದಾಜು: ಹಿಂದಿನ ಸ್ಥಾನ ಮತ್ತು ವೇಗಗಳ ಆಧಾರದಿಂದ ವಿಮಾನವು ಮುಂದಿನ ಕ್ಷಣದಲ್ಲಿ ಎಲ್ಲಿರಬಹುದೆಂದು ಲೆಕ್ಕಹಾಕಲಾಗುತ್ತದೆ.

(ಆ) ತಿದ್ದುಪಡಿ: ಹೊಸ ಅಳತೆಯೊಂದಿಗೆ ಮುನ್ನಂದಾಜನ್ನು ಹೋಲಿಸಿ, ಎರಡರ ಪೈಕಿ ಹೆಚ್ಚು ನಂಬಲರ್ಹವಾದುದಕ್ಕೆ ಹೆಚ್ಚು ತೂಕ ನೀಡಲಾಗುತ್ತದೆ.

ಪ್ರತಿ ಅಂದಾಜಿನೊಂದಿಗೆ ಅದರಲ್ಲಿ ಇರಬಹುದಾದ ದೋಷದ ಪ್ರಮಾಣವನ್ನೂ ಫಿಲ್ಟರ್ ಲೆಕ್ಕವಿಡುತ್ತದೆ.

3. ದೂರವನ್ನು ತಿಳಿಯುವ ಬಗೆ

ಸಮೀಪದಲ್ಲಿ ನಿಧಾನವಾಗಿ ಸಾಗುವ ವಿಮಾನವೂ ದೂರದಲ್ಲಿ ವೇಗವಾಗಿ ಸಾಗುವ ವಿಮಾನವೂ ಸಂವೇದಕಕ್ಕೆ ಒಂದೇ ತೆರನಾಗಿ ಕಾಣಬಹುದು. ಸಂವೇದಕವನ್ನು ಹೊತ್ತ ವಿಮಾನವು ತನ್ನ ಪಥವನ್ನು ಸೂಕ್ತವಾಗಿ ಬದಲಿಸಿದಾಗ ಇವೆರಡರ ವ್ಯತ್ಯಾಸ ತಿಳಿಯುತ್ತದೆ. ಬೇರೆ ಬೇರೆ ಸ್ಥಳಗಳಲ್ಲಿರುವ ಎರಡು ಸಂವೇದಕಗಳ ದಿಕ್ಕುಗಳನ್ನು ಜೋಡಿಸಿಯೂ ದೂರವನ್ನು ಕಂಡುಕೊಳ್ಳಬಹುದು. ಕೋನದ ಅಳತೆಯಲ್ಲಿ ಒಂದು ಮಿಲಿರೇಡಿಯನ್ ತಪ್ಪಾದರೆ, 50 ಕಿಲೋಮೀಟರ್ ದೂರದಲ್ಲಿ ಅಡ್ಡಲಾಗಿ 50 ಮೀಟರ್ ವ್ಯತ್ಯಾಸವಾಗುತ್ತದೆ.

4. ಗಮನದಲ್ಲಿಡಬೇಕಾದ ಮಿತಿಗಳು

ವಿಮಾನವು ನೇರವಾಗಿಯೇ ಸಾಗುವುದೆಂದು ಫಿಲ್ಟರ್ ಅತಿಯಾಗಿ ನಂಬಿದಲ್ಲಿ, ಅದು ಹಠಾತ್ತನೆ ತಿರುಗಿದಾಗ ಜಾಡು ತಪ್ಪುತ್ತದೆ. ಆದುದರಿಂದ ನೇರ ಚಲನೆ, ತಿರುವು ಮೊದಲಾದ ಹಲವು ಮಾದರಿಗಳನ್ನು ಏಕಕಾಲದಲ್ಲಿ ನಡೆಸುವ ಪದ್ಧತಿಯೂ ಬಳಕೆಯಲ್ಲಿದೆ.

ಜಾಡು ಹಿಡಿಯುವುದೆಂದರೆ ಗುರುತು ಹಿಡಿಯುವುದಲ್ಲ. ದೂರದ ಶಾಖದ ಚುಕ್ಕೆಯೊಂದು ಯುದ್ಧವಿಮಾನದ್ದೋ ಪ್ರಯಾಣಿಕರನ್ನು ಹೊತ್ತ ವಿಮಾನದ್ದೋ ಎಂಬುದನ್ನು ಫಿಲ್ಟರ್ ತಾನಾಗಿ ಹೇಳಲಾರದು. ವಿಮಾನದ ಟ್ರಾನ್ಸ್‌ಪಾಂಡರ್ ಸಂಕೇತ, ರಾಡಾರ್ ಹಾಗೂ ಸಂಚಾರ ನಿಯಂತ್ರಣದ ಮಾಹಿತಿಗಳೊಂದಿಗೆ ತಾಳೆ ನೋಡಿದ ನಂತರವೇ ನಿರ್ಧಾರ ಕೈಗೊಳ್ಳುವುದು ಅತ್ಯವಶ್ಯಕ.