ಹೊನಲಿನ ತಳದಲ್ಲಿ ಉಳಿದ ಹಾದಿ

ಹದಿನೆಂಟನೆಯ ಶತಮಾನದಲ್ಲಿ ಕೆನಡದ ಮಾಂಟ್ರಿಯಲ್ ನಗರದಿಂದ ಸುಪೀರಿಯರ್ ಸರೋವರವನ್ನು ದಾಟಿ ವಾಯವ್ಯದ ಕಾಡುಗಳಿಗೆ ಹೋಗುವ ಜಲಮಾರ್ಗವೊಂದಿದ್ದಿತು. ದೋಣಿಗಾರರು ಆ ಮಾರ್ಗವಾಗಿ ಯೂರೋಪಿನ ಸರಕನ್ನು ಒಯ್ದು, ಟೋಪಿಗಳ ತಯಾರಿಕೆಗೆ ಬೇಕಾದ ಬೀವರ್ ಪ್ರಾಣಿಯ ತುಪ್ಪುಳುದೊಗಲನ್ನು ತರುತ್ತಿದ್ದರು. ನೀರಿನ ಮೇಲೆ ಹೆಜ್ಜೆಯ ಗುರುತು ಉಳಿಯದು. ಹಾಗಾದರೆ ಆ ಹಾದಿಯನ್ನು ಮತ್ತೆ ಗುರುತಿಸುವುದೆಂತು?

ಮೊದಲು ಅವರ ದೋಣಿಯನ್ನು ನೋಡೋಣ. ಮೂಲನಿವಾಸಿಗಳಿಂದ ಕಲಿತ ಕೌಶಲದಿಂದ ಭೂರ್ಜ ಜಾತಿಯ ಮರದ ತೊಗಟೆಯನ್ನು ಹೊಲಿದು ಮಾಡಿದ ದೋಣಿಯದು. ಉದ್ದ ಸುಮಾರು 7.5 ಮೀಟರ್. ಒಂದೂವರೆ ಟನ್ ಭಾರವನ್ನು ಹೊರಲು, ಆರ್ಕಿಮಿಡೀಸನ ತತ್ತ್ವದಂತೆ, ಅದು 1.5 ಘನಮೀಟರ್ ನೀರನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳಬೇಕು. ತಳವು ಅಗಲವಾದುದರಿಂದ ದೋಣಿ ಹೆಚ್ಚು ಆಳಕ್ಕಿಳಿಯದು. ಆದರೆ ತೊಗಟೆ ತೆಳುವಾದುದು. ಬಂಡೆ ತಗುಲಿದರೆ ಸೀಳುತ್ತದೆ.

ಆದುದರಿಂದ ನದಿಯು ಬಂಡೆಗಳ ನಡುವೆ ಧುಮುಕುವೆಡೆಗಳಲ್ಲಿ ದೋಣಿಯನ್ನೂ ಸರಕನ್ನೂ ಹೊತ್ತು ನಡೆಯಬೇಕಾಗಿತ್ತು. ಒಂದು ಕಟ್ಟಿನ ತೂಕ ಸುಮಾರು 41 ಕಿಲೋಗ್ರಾಂ. ಒಬ್ಬನ ಬೆನ್ನಿಗೆ ಎರಡು ಕಟ್ಟುಗಳು. ಗ್ರ್ಯಾಂಡ್ ಪೋರ್ಟೇಜ್ ಎಂಬಲ್ಲಿ ಈ ನಡಿಗೆ 13 ಕಿಲೋಮೀಟರಿಗೂ ಮಿಗಿಲು. ಈ ಶ್ರಮವನ್ನು ತಪ್ಪಿಸಲು ಕೆಲವರು ಹೊನಲಿಗೇ ದೋಣಿಯನ್ನು ಬಿಡುತ್ತಿದ್ದರು. ನೀರಿನ ವೇಗವು ಇಮ್ಮಡಿಯಾದರೆ ಅದು ನೂಕುವ ಬಲವು ನಾಲ್ಮಡಿಯಾಗುವುದು! ದೋಣಿಗಳು ಒಡೆದವು, ಸರಕು ಮುಳುಗಿತು, ಪ್ರಾಣಗಳೂ ಹೋದವು.

1960ರಲ್ಲಿ ಮುಳುಗುಗಾರರು ಅಂತಹ ಅಪಾಯದ ಸ್ಥಳಗಳಲ್ಲಿಯೇ ಹುಡುಕಿದರು. ಅಮೆರಿಕ ಮತ್ತು ಕೆನಡಗಳ ಗಡಿಯಲ್ಲಿರುವ ಗ್ರ್ಯಾನೈಟ್ ನದಿಯ ತಳದಲ್ಲಿ, ಒಂದರೊಳಗೊಂದು ಸೇರಿಸಿಟ್ಟ 17 ಹಿತ್ತಾಳೆಯ ಪಾತ್ರೆಗಳು ದೊರೆತವು. ಹಿತ್ತಾಳೆಯ ಸಾಂದ್ರತೆ ನೀರಿನ ಎಂಟರಷ್ಟಕ್ಕೂ ಹೆಚ್ಚು. ಉಪ್ಪಿಲ್ಲದ ತಣ್ಣೀರಿನಲ್ಲಿ ಅದು ಕೆಡುವುದೂ ನಿಧಾನ. ಸುಖವಾಗಿ ದಾಟಿದವರು ನದಿಯಲ್ಲಿ ಏನನ್ನೂ ಉಳಿಸಿಹೋಗಲಿಲ್ಲ. ದಾಟಲಾರದವರ ಸರಕೇ ಇಂದು ನಮಗೆ ಹಾದಿಯನ್ನು ತೋರಿಸುತ್ತಿದೆ.